ರಾಚೆಟ್ ಸ್ಪ್ಯಾನರ್ ತಗೊಂಡ್ರೆ ದುಡ್ಡು ದಂಡನಾ? ಗಾಡಿ ಕೆಲಸ ಗೊತ್ತಿರೋರು ಹೇಳಿ

ಗುಬ್ಬಿಗೇಟ್ ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಮೆಕ್ಯಾನಿಕ್ ಅಲ್ಲ, ತುಮಕೂರಲ್ಲಿ ಒಂದು ಆಫೀಸಲ್ಲಿ ಲೆಕ್ಕ ಬರಿಯೋನು. ಆದ್ರೆ ನಮ್ಮನೆ ಹಳೇ ವ್ಯಾಗನ್ಆರ್, ಅಪ್ಪನ ಸ್ಪ್ಲೆಂಡರ್ ಎರಡರದ್ದೂ ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೊತೀನಿ. ಹೋದ ಭಾನುವಾರ ಸ್ಟಾರ್ಟರ್ ಮೋಟರ್ ಬಿಚ್ಚೋಕೆ ಕೂತೆ. ಮೇಲಿನ ಬೋಲ್ಟು ಸಾಕೆಟ್ ಹಾಕಿದ್ದೇ ಎರಡು ನಿಮಿಷಕ್ಕೆ ಬಂತು. ಕೆಳಗಿಂದಕ್ಕೆ ಸಾಕೆಟ್ಟೂ ಹೋಗಲ್ಲ, ರಿಂಗ್ ಸ್ಪ್ಯಾನರ್ ಹಾಕಿದ್ರೆ ಹಿಡಿ ಆಡ್ಸೋಕೆ ನಾಲ್ಕು ಬೆರಳಿನಷ್ಟು ಜಾಗ ಅಷ್ಟೇ, ಒಂಚೂರು ತಿರುಗ್ಸು, ತೆಗಿ, ಕಣ್ಣಿಗೆ ಕಾಣದೆ ಇರೋ ಕಡೆ ತಡಕಾಡಿ ಮತ್ತೆ ಕೂರ್ಸು, ಇನ್ನೊಂಚೂರು ತಿರುಗ್ಸು... ಮುಕ್ಕಾಲು ಗಂಟೆ ಆಯ್ತು, ಎರಡು ಗೆಣ್ಣು ಸುಲ್ಕೊಂಡ್ವು. ಹೆಂಡ್ತಿ ಕಾಫಿ ತಂದ್ಕೊಟ್ಟು "ಗ್ಯಾರೇಜಲ್ಲಿ ಬಿಟ್ಟಿದ್ರೆ ಇಷ್ಟೊತ್ತಿಗೆ ಅತ್ತೆ ಮನೆಗೆ ಹೋಗಿ ಬರ್ಬೋದಿತ್ತು" ಅಂದ್ಲು. ಮೋಟರ್ ಈಗ ಕಾರ್ಬನ್ ಬ್ರಷ್ ಬದಲಾಯಿಸೋಕೆ ಕೊಟ್ಟಿದೀನಿ, ಬರೋ ಭಾನುವಾರ ವಾಪಸ್ ಕೂರಿಸ್ಬೇಕು, ಅದೇ ಬೋಲ್ಟು ಮತ್ತೆ.

ಆನ್‌ಲೈನಲ್ಲಿ ರಿಂಗ್ ಕಡೆ ರಾಚೆಟ್ ಇರೋ (ಅಂದ್ರೆ ಬೋಲ್ಟಿಂದ ತೆಗೀದೇನೇ ಹಿಡಿ ಹಿಂದೆ ಮುಂದೆ ಆಡಿಸಿ ತಿರುಗ್ಸೋ) ಸ್ಪ್ಯಾನರ್ ಸೆಟ್ ನೋಡ್ತಿದೀನಿ, 8ರಿಂದ 19 ಮಿಲಿಮೀಟರ್‌ವರೆಗೆ 12 ಪೀಸು. ಮಾಮೂಲಿ ಸೆಟ್ಟಿಗಿಂತ ಮೂರು ಪಟ್ಟು ರೇಟು. ನಮ್ಮ ಏರಿಯಾ ಮೇಸ್ತ್ರಿ ಕೇಳಿದ್ರೆ "ಅದೆಲ್ಲ ಶೋಕಿ ಸಾರ್, ಎರಡೇ ತಿಂಗಳಿಗೆ ಹಲ್ಲು ಉದುರ್ತವೆ" ಅಂತಾರೆ. ನಿಜನಾ?

ಬಟವಾಡಿ ಬೋಲ್ಟ್:
ತಗೋ ಗುರು. ಗೆಣ್ಣಿಗಿಂತ ದುಡ್ಡು ಹೆಚ್ಚಾ.

ಕ್ಯಾತ್ಸಂದ್ರ ಗ್ಯಾರೇಜ್:
ನಿಮ್ಮ ಮೇಸ್ತ್ರಿ ಹೇಳಿದ್ರಲ್ಲಿ ಅರ್ಧ ನಿಜ ಐತೆ. ನಾನು ಹೈವೇ ಪಕ್ಕ ಗ್ಯಾರೇಜ್ ಇಟ್ಟು 22 ವರ್ಷ ಆಯ್ತು. ಹಲ್ಲು ಯಾಕೆ ಉದುರ್ತವೆ ಅಂದ್ರೆ ತುಕ್ಕು ಹಿಡ್ದಿರೋ ಬೋಲ್ಟಿಗೆ ಅದನ್ನೇ ಹಾಕಿ, ಹಿಡಿಗೆ ಪೈಪ್ ಸಿಗ್ಸಿ, ಮೇಲೆ ಕಾಲಿಟ್ಟು ತುಳಿದ್ರೆ ಉದುರ್ದೆ ಇನ್ನೇನ್ ಮಾಡ್ತವೆ. ಒಳಗಡೆ ಇರೋದು ಒಂದು ಹಲ್ಲಿನ ಗಾಲಿ, ಅದನ್ನ ಕಚ್ಕೊಳ್ಳೋ ಪುಟ್ಟ ನಾಲಿಗೆ, ಅದರ ಹಿಂದೆ ಗುಂಡುಸೂಜಿ ತಲೆಯಷ್ಟು ಸ್ಪ್ರಿಂಗು. ನಿನ್ ಜೋರೆಲ್ಲ ಆ ನಾಲಿಗೆ ಮೇಲೆ ಬೀಳ್ತದೆ. ಮಾಮೂಲಿ ರಿಂಗ್ ಹಂಗಲ್ಲ, ಇಡೀ ಸ್ಪ್ಯಾನರ್ ಒಂದೇ ತುಂಡು.

ನಮ್ಮಲ್ಲಿ ಮಾಡೋದು ಹಿಂಗೆ. ಮೊದ್ಲು ಮಾಮೂಲಿ ರಿಂಗ್ ಹಾಕಿ ಬೋಲ್ಟು ಟಕ್ ಅಂತ ಬಿಟ್ಕೊಳ್ಳೋ ತನಕ ಎಳೀತೀವಿ, ಆಮೇಲೆ ರಾಚೆಟ್ ಹಾಕಿ ಓಡ್ಸೋದು. ಹಾಕುವಾಗ ಕೈಯಲ್ಲೇ ಎರಡು ಮೂರು ಸುತ್ತು ಥ್ರೆಡ್ ಹಿಡ್ಸಿ, ನಡುವೆ ರಾಚೆಟ್, ಕೊನೇ ಬಿಗಿ ಮತ್ತೆ ರಿಂಗಲ್ಲಿ ಇಲ್ಲ ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ. ಹಂಗೆ ಬಳಸಿದ್ರೆ ನನ್ನ 12ರದ್ದು ಒಂಬತ್ತು ವರ್ಷದಿಂದ ಹಂಗೇ ಐತೆ.

ಇನ್ನೊಂದು ಮಾತು ಕಣಪ್ಪ. ರಾಚೆಟ್ಟಿನ ತಲೆ ದಪ್ಪ, ಅಗಲ. ಒಳಗೆ ಗಾಲಿ ಕೂರ್ಬೇಕಲ್ಲ. ದುಡ್ಡು ಹಾಕೋ ಮುಂಚೆ ನಿನ್ ಬೋಲ್ಟ್ ಸುತ್ತ ಎಷ್ಟು ಜಾಗ ಐತೆ ಅಂತ ಬೆರಳು ಹಾಕಿ ನೋಡ್ಕೋ.

ಕೋಲಾರ ಪಿಕಪ್:
ಏನಣ್ಣಾ ನೀವೆಲ್ಲಾ. ನಾವು ಟೊಮ್ಯಾಟೊ ಲೋಡ್ ಗಾಡಿ ಓಡ್ಸೋರು, ಬೆಳಗಿನ ಜಾವ ಮೂರು ಗಂಟೆಗೆ ಎಪಿಎಂಸಿ ಮುಂದೆ ಗಾಡಿ ನಿಂತ್ರೆ ಸೀಟ್ ಕೆಳಗೆ ಇರೋ ನಾಲ್ಕು ಡಬಲ್ ಎಂಡ್ (ಎರಡೂ ತುದಿ ಬಾಯಿ ತೆರೆದಿರೋ) ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್, ಒಂದು ಸ್ಕ್ರೂಡ್ರೈವರ್ ಇಷ್ಟರಲ್ಲೇ ಮಾರ್ಕೆಟ್ ಮುಟ್ಟಿಸ್ತೀವಿ. ಬೋಲ್ಟು ಒಂದ್ಸಲ ಸಡ್ಲ ಆದ್ಮೇಲೆ ಬೆರಳಲ್ಲೇ ತಿರುಗ್ತದೆ, ಅದಕ್ಕ್ಯಾಕೆ ಸಾವಿರಾರು ರೂಪಾಯಿ ಟಿಕ್ ಟಿಕ್ ಟಿಕ್.

ಬಟವಾಡಿ ಬೋಲ್ಟ್:
ಬೆರಳಲ್ಲಿ ತಿರುಗೋ ಬೋಲ್ಟಿಗೆ ಯಾರ್ ಕೇಳಿದ್ರು. ನೈಲಾನ್ ಇರೋ ಲಾಕ್ ನಟ್ ಬೆರಳಲ್ಲಿ ತೆಗ್ದು ತೋರ್ಸಿ ಅಣ್ಣ ನಾನೇ ಕೋಲಾರಕ್ಕೆ ಬಂದು ಟೊಮ್ಯಾಟೊ ಹೊರ್ತೀನಿ

ಕೋಲಾರ ಪಿಕಪ್:
ಬಾ ಬಾ, ಬಾಕ್ಸಿಗೆ 15 ಕೇಜಿ ಅದೆ

ಡಿಗ್ರಿ ಲೆಕ್ಕ:
ಲೆಕ್ಕ ಇಟ್ಟು ನೋಡೋಣ. ಬೋಲ್ಟಿನ ತಲೆಗೆ ಆರು ಮೂಲೆ, ಅಂದ್ರೆ ಮೂಲೆಯಿಂದ ಮೂಲೆಗೆ 60 ಡಿಗ್ರಿ. ಮಾಮೂಲಿ ರಿಂಗಿನ ಒಳಗೆ 12 ಮೂಲೆ ಇರೋದ್ರಿಂದ 30 ಡಿಗ್ರಿ ತಿರುಗಿಸಿದ್ರೆ ತೆಗೆದು ಮತ್ತೆ ಕೂರಿಸ್ಬಹುದು. ರಾಚೆಟ್ಟಲ್ಲಿ ಸಾಮಾನ್ಯವಾಗಿ 72 ಹಲ್ಲು, 360 ಭಾಗಿಸು 72, ಅಂದ್ರೆ 5 ಡಿಗ್ರಿ ಜಾಗ ಇದ್ರೂ ಸಾಕು, ಒಂದು ಹಲ್ಲು ಮುಂದೆ ಹೋಗುತ್ತೆ. ಬೋಲ್ಟು 15 ಸುತ್ತು ತಿರುಗ್ಬೇಕು ಅಂದ್ಕೊಳ್ಳಿ, ರಿಂಗಲ್ಲಿ ಸುತ್ತಿಗೆ 12 ಸಲದಂತೆ 180 ಸಲ ತೆಗೆದು ಕೂರಿಸ್ಬೇಕು, ಡಬಲ್ ಎಂಡಲ್ಲಿ ಇನ್ನೂ ಜಾಸ್ತಿ ಜಾಗ, 60 ಡಿಗ್ರಿ ಬೇಕು. ರಾಚೆಟ್ಟಲ್ಲಿ ಒಂದ್ಸಲ ಕೂರಿಸಿದ್ರೆ ಮುಗೀತು.

ಹಿರೇಹಳ್ಳಿ ಟರ್ನರ್:
ಡಬಲ್ ಎಂಡ್ ವಿಷಯ ತಪ್ಪು. ಅದರ ಬಾಯಿ ಹಿಡಿಗಿಂತ 15 ಡಿಗ್ರಿ ಓರೆಯಾಗಿರುತ್ತೆ ನೋಡಿ, ಅದಿರೋದೇ ಇದಕ್ಕೆ. ಒಂದ್ಸಲ ತಿರುಗ್ಸಿ ಸ್ಪ್ಯಾನರ್ ಮಗುಚಿ ಹಾಕಿದ್ರೆ 30 ಡಿಗ್ರಿ ಜಾಗದಲ್ಲೇ ಕೆಲಸ ಆಗುತ್ತೆ. ಇದನ್ನ ಐಟಿಐಲಿ ಮೊದಲ ವಾರವೇ ಹೇಳ್ಕೊಡ್ತಾರೆ, ಎರಡನೇ ವಾರ ಎಲ್ರೂ ಮರೀತಾರೆ.

ಡಿಗ್ರಿ ಲೆಕ್ಕ:
ಸರಿ ಸಾರ್ ಒಪ್ಕೊಂಡೆ. ಆದ್ರೆ 180 ಸಲ ಮಗುಚೋರು ಯಾರು

ಶಿರಾಗೇಟ್ ಸರ್ವಿಸ್:
ರಾಚೆಟ್ ಹೊಗಳೋರಿಗೆಲ್ಲ ಒಂದು ಕಥೆ ಹೇಳ್ತೀನಿ ಕೇಳಿ. ಎರಡು ವರ್ಷದ ಹಿಂದೆ ಒಂದು ಕಸ್ಟಮರ್ ಗಾಡಿ, ಆಲ್ಟರ್ನೇಟರ್ ಬಿಚ್ಬೇಕಿತ್ತು. ಕೆಳಗಿನ ಬೋಲ್ಟು ಉದ್ದ, ಆಚೆ ಕಡೆಯಿಂದ ಈಚೆಗೆ ಪೂರ್ತಿ ಹಾದು ಬರೋದು. ನನ್ನತ್ರ ಇದ್ದಿದ್ದು ಒಂದೇ ಕಡೆ ತಿರುಗೋ ರಾಚೆಟ್, ಮಗುಚಿ ಹಾಕಿದ್ರೆ ಬಿಗಿ, ಹಂಗೇ ಹಾಕಿದ್ರೆ ಸಡ್ಲ, ಹಿಂದೆ ಮುಂದೆ ಮಾಡೋ ಗುಂಡಿ ಇಲ್ಲ. ಖುಷಿಯಾಗಿ ಟಿಕ್ ಟಿಕ್ ಅಂತ ಬಿಚ್ಕೊಂಡ್ ಬಂದೆ, ಬೋಲ್ಟು ಹೊರಗೆ ಬರ್ತಾ ಬರ್ತಾ ಅದರ ತಲೆ ಹೋಗಿ ಚಾಸಿ ಪಟ್ಟಿಗೆ ತಾಗೋ ಹಂಗಾಯ್ತು, ನಡುವೆ ನನ್ ಸ್ಪ್ಯಾನರು! ಈಗ ಸ್ಪ್ಯಾನರ್ ಈಚೆ ತೆಗಿಯೋಕೂ ಆಗಲ್ಲ, ಬೋಲ್ಟ್ ಇನ್ನೂ ಬಿಚ್ಚೋಕೂ ಆಗಲ್ಲ, ವಾಪಸ್ ಬಿಗಿ ಮಾಡೋಣ ಅಂದ್ರೆ ಮಗುಚಬೇಕು, ಮಗುಚಬೇಕಂದ್ರೆ ತೆಗೀಬೇಕು. ಕಸ್ಟಮರ್ ಪಕ್ಕದಲ್ಲೇ ನಿಂತವ್ನೆ, "ಏನಾಯ್ತಣ್ಣ" ಅಂತಾನೆ, "ಏನಿಲ್ಲ ಸಾರ್ ಟೀ ಕುಡ್ಕೊಂಡ್ ಬನ್ನಿ" ಅಂದೆ.

ಕೊನೆಗೆ ಆಯಿಲ್ ಸಂಪ್ ಕೆಳಗೆ ಹಲಗೆ ಇಟ್ಟು ಜಾಕ್ ಕೊಟ್ಟು, ಒಂದು ಇಂಜಿನ್ ಮೌಂಟಿಂಗ್ ಬಿಚ್ಚಿ, ಇಂಜಿನ್ ಒಂದಿಂಚು ಎತ್ತಿದ್ಮೇಲೆ ಸ್ಪ್ಯಾನರ್ ಬಂತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ. ಅವತ್ತಿಂದ ತಗೊಳೋದಾದ್ರೆ ಗುಂಡಿ ಇರೋದೇ ತಗೊಳ್ಳಿ ಅಂತ ಸಿಕ್ಕಿದೋರಿಗೆಲ್ಲ ಹೇಳ್ತೀನಿ. ತಲೆ ಇನ್ನೂ ಒಂಚೂರು ದಪ್ಪ ಆಗ್ತದೆ, ಆದ್ರೆ ಮಾನ ಉಳೀತದೆ.

ಕೋಲಾರ ಪಿಕಪ್:
ಹಹಹಾ ಟೀ ಕುಡ್ಕೊಂಡ್ ಬನ್ನಿ. ಎಲ್ಲಾ ಗ್ಯಾರೇಜಲ್ಲೂ ಇದೇ ಮಂತ್ರ ನೋಡು

ಚಿಂತಾಮಣಿ ಸ್ಕೂಟರ್ ಅಕ್ಕ:
ನಾನು ಟೂ ವೀಲರ್ ಸರ್ವಿಸ್ ಮಾಡ್ತೀನಿ, ಮನೆ ಮುಂದೇನೇ ಶೆಡ್ ಹಾಕ್ಕೊಂಡಿದೀನಿ. ಸ್ಕೂಟರಲ್ಲಿ ಬಾಡಿ ಒಳಗೆ ಕೈ ತೂರ್ಸೋ ಕೆಲಸ ಜಾಸ್ತಿ, ನನಗೆ 10ರದ್ದು ಮತ್ತೆ 12ರದ್ದು ರಾಚೆಟ್ ಇಲ್ದೆ ದಿನ ಹೋಗಲ್ಲ. ಆದ್ರೆ ಯಾರೂ ಹೇಳ್ದೆ ಇರೋ ಒಂದು ತೊಂದ್ರೆ ಹೇಳ್ತೀನಿ. ಬೋಲ್ಟು ಪೂರ್ತಿ ಸಡ್ಲ ಆದ್ಮೇಲೆ ಹಿಡಿ ಹಿಂದಕ್ಕೆ ತಂದಾಗ ಟಿಕ್ ಅನ್ನಲ್ಲ, ಬೋಲ್ಟೂ ಅದರ ಜೊತೇಲೇ ಹಿಂದಕ್ಕೆ ಬರ್ತದೆ, ನಾವು ಐದು ನಿಮಿಷ ಹಿಂದಕ್ಕೂ ಮುಂದಕ್ಕೂ ಆಡಿಸ್ತಾನೇ ಇರ್ತೀವಿ, ಬೋಲ್ಟು ಇದ್ದಲ್ಲೇ ಇರ್ತದೆ. ಆಗ ಒಂದು ಬೆರಳು ಬೋಲ್ಟ್ ತಲೆ ಮೇಲೆ ಒತ್ತಿ ಹಿಡ್ಕೋಬೇಕು. ಅಗ್ಗದ ಸೆಟ್ಟಲ್ಲಿ ಇದು ಜಾಸ್ತಿ, ಒಳಗೆ ಬಿಗಿಯಾಗಿ ತಿರುಗ್ತದೆ. ಅಂಗಡೀಲೇ ರಿಂಗಿಗೆ ಹೆಬ್ಬೆರಳು ಹಾಕಿ ತಿರುಗ್ಸಿ ನೋಡಿ, ಸಲೀಸಾಗಿ ತಿರುಗಿದ್ರೆ ತಗೊಳಿ, ಇಲ್ಲಾಂದ್ರೆ ಅಲ್ಲೇ ಇಟ್ಬನ್ನಿ.

ಆಮೇಲೆ ಒಳಗೆ ಗ್ರೀಸ್ ತುಂಬ್ಬೇಡಿ ದಯವಿಟ್ಟು. ಗ್ರೀಸಿಗೆ ಧೂಳು ಸೇರಿ ನಾಲಿಗೆ ಅಂಟ್ಕೊಂಡು ಜಾರ್ತದೆ. ತಿಂಗಳಿಗೊಂದ್ಸಲ ಡೀಸೆಲಲ್ಲಿ ಅದ್ದಿ ತೊಳ್ದು ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಟ್ರೆ ಸಾಕು.

ಗುಬ್ಬಿಗೇಟ್ ಹುಡುಗ:
ಅಕ್ಕಾ ಈ ಹೆಬ್ಬೆರಳಿನ ವಿಷಯ ಚೆನ್ನಾಗಿದೆ. ಅಂದ್ರೆ ಆನ್‌ಲೈನ್ ಬೇಡ್ವಾ?

ಚಿಂತಾಮಣಿ ಸ್ಕೂಟರ್ ಅಕ್ಕ:
ಫೋಟೋಗೆ ಹೆಬ್ಬೆರಳು ಹಾಕಿ ನೋಡೋಕಾಗ್ತದಾ?

ಮಧುಗಿರಿ ಮಂಜು:
ನಾನು ಆನ್‌ಲೈನಲ್ಲಿ ತರಿಸಿದ್ದೆ, ಹೆಸರಿಲ್ಲದ ಕಂಪನಿ, ಮೇಲೆ ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕು) ಅಂತ ದಪ್ಪಕ್ಷರ. ಫಳಫಳ ಹೊಳೀತಿತ್ತು, ಮದುವೆಗೆ ಉಡುಗೊರೆ ಕೊಡ್ಬೋದು ಹಂಗಿತ್ತು. ಮೂರನೇ ದಿನ 14ರದ್ದು ಕರ್ ಅಂತು, ಆಮೇಲೆ ಎರಡೂ ಕಡೆ ಫ್ರೀ. ಈಗ ಅದ್ರ ಬಾಯಿ ತೆರೆದಿರೋ ಕಡೆ ಮಾತ್ರ ಬಳಸ್ತಿದೀನಿ, ಈ ಕಡೆ ಮಗ ಗಿಲಕಿ ತರ ಆಡಿಸ್ತಾನೆ

ಅಂತರಸನಹಳ್ಳಿ ಅಪ್ಪು:
ನನ್ನ ಡೌಟು, ರಾಚೆಟ್ ಟಿಕ್ ಟಿಕ್ ಅಂದ್ರೆ ಬಿಗಿ ಆಯ್ತು ಅಂತ ಅರ್ಥ ಅಲ್ವಾ? ನಾನು ಹಂಗೇ ಅಂದ್ಕೊಂಡು ಬೈಕ್ ಸೈಲೆನ್ಸರ್ ಹಾಕಿದ್ದೆ

ಹಿರೇಹಳ್ಳಿ ಟರ್ನರ್:
ಅಯ್ಯೋ ಮಾರಾಯ. ಅದು ಟಾರ್ಕ್ ರೆಂಚ್. ಟಾರ್ಕ್ ರೆಂಚು ನೀನು ಇಟ್ಟ ಅಳತೆ ಮುಟ್ಟಿದಾಗ ಒಂದ್ಸಲ ಟಕ್ ಅನ್ನುತ್ತೆ, ನಿಲ್ಲಿಸ್ಬೇಕು. ರಾಚೆಟ್ ಟಿಕ್ ಅನ್ನೋದು ಹಿಡಿ ಹಿಂದಕ್ಕೆ ತರುವಾಗ ನಾಲಿಗೆ ಹಲ್ಲಿನ ಮೇಲೆ ಜಾರೋ ಸದ್ದು, ಬಿಗಿಗೂ ಅದಕ್ಕೂ ಸಂಬಂಧ ಇಲ್ಲ. ಸೈಲೆನ್ಸರ್ ನೋಡ್ಕೊಂಡ್ ಬಾ ಮೊದ್ಲು.

ಅಂತರಸನಹಳ್ಳಿ ಅಪ್ಪು:
ನೋಡಿದೆ. ಒಂದು ನಟ್ ಇಲ್ಲ 🙂

ವಾಚ್ ಫ್ಯಾಕ್ಟರಿ ತಾತ:
ಮಕ್ಕಳಾ, ನಾನು ನಮ್ಮೂರ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಕೆಲಸ ಮಾಡಿದವನು. ರಾಚೆಟ್ ಬಗ್ಗೆ ಇಷ್ಟು ಮಾತಾಡ್ತಿದೀರಿ, ಕೀ ಕೊಡೋ ಗಡಿಯಾರ ಕೈಗೆ ಕಟ್ಟಿದವರೆಲ್ಲ ರಾಚೆಟ್ಟನ್ನೇ ಕಟ್ಟಿದ್ದು. ಬೆಳಗ್ಗೆ ಎದ್ದು ಕೀ ತಿರುಗಿಸುವಾಗ ಕ್ರ್ ಕ್ರ್ ಅಂತಿತ್ತಲ್ಲ, ಮೇನ್ ಸ್ಪ್ರಿಂಗ್ ಸುತ್ತಿಕೊಳ್ಳೋ ಡಬ್ಬಿ ಮೇಲೆ ಒಂದು ರಾಚೆಟ್ ಗಾಲಿ ಕೂತಿರುತ್ತೆ, ಅದು ವಾಪಸ್ ಬಿಚ್ಚಿಕೊಳ್ಳದೆ ಇರ್ಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ಕ್ಲಿಕ್, ಅದಕ್ಕೊಂದು ಕೂದಲೆಳೆ ಸ್ಪ್ರಿಂಗು. ನಿಮ್ಮ ಸ್ಪ್ಯಾನರಲ್ಲಿ ಇರೋದೂ ಅದೇ. ಸೈಕಲ್ ಫ್ರೀವೀಲಲ್ಲೂ ಅದೇ, ತುಳಿಯೋದು ನಿಲ್ಲಿಸಿದಾಗ ಟಿಕ್ ಟಿಕ್ ಅನ್ನೋದು.

ಹಲ್ಲು ಜಾಸ್ತಿ ಇದ್ರೆ ಒಳ್ಳೇದು ಅಂತ ಮಾತ್ರ ನಂಬ್ಬೇಡಿ. ಅದೇ ಗಾಲಿಗೆ 120 ಹಲ್ಲು ಕೊರೆದ್ರೆ 3 ಡಿಗ್ರೀಲಿ ಹಿಡಿಯುತ್ತೆ ಸರಿ, ಆದ್ರೆ ಒಂದೊಂದು ಹಲ್ಲೂ ಸಣ್ಣದಾಯ್ತು. ನಾಲಿಗೆ ಒಟ್ಟಿಗೇ ಎಷ್ಟು ಹಲ್ಲು ಕಚ್ಚುತ್ತೆ, ಉಕ್ಕು ಎಷ್ಟು ಚೆನ್ನಾಗಿ ಹದ ಮಾಡಿದಾರೆ ಅನ್ನೋದ್ರ ಮೇಲೆ ಬಾಳಿಕೆ.

ಬಟವಾಡಿ ಬೋಲ್ಟ್:
ತಾತ ನಮಸ್ಕಾರ 🙏 ನಮ್ಮಪ್ಪನತ್ರ ಎಚ್‌ಎಂಟಿ ಜನತಾ ಇನ್ನೂ ಓಡ್ತೈತೆ. ದಿನಾ ನಾಲ್ಕು ನಿಮಿಷ ಹಿಂದೆ ಬೀಳ್ತದೆ, ಏನ್ ಮಾಡ್ಲಿ

ವಾಚ್ ಫ್ಯಾಕ್ಟರಿ ತಾತ:
ಎಣ್ಣೆ ಒಣಗಿರುತ್ತೆ. ಬಿಚ್ಚಿ ತೊಳೆದು ಎಣ್ಣೆ ಹಾಕಿಸಪ್ಪ. ಡಬ್ಲ್ಯೂಡಿ-40 ಸ್ಪ್ರೇ ಹೊಡೀಬೇಡ, ಈಗಿನ ಹುಡುಗರು ಎಲ್ಲದಕ್ಕೂ ಅದನ್ನೇ ಹೊಡೀತಾರೆ.

ಶಿರಾಗೇಟ್ ಸರ್ವಿಸ್:
ಫ್ಯಾಕ್ಟರಿ ಜಾಗ ಈಗ ಇಸ್ರೋದವರಿಗೆ ಹೋಯ್ತಲ್ವಾ ತಾತ

ವಾಚ್ ಫ್ಯಾಕ್ಟರಿ ತಾತ:
ಹೌದು. ಆ ಕಡೆ ಬಸ್ಸಲ್ಲಿ ಹೋಗುವಾಗ ನಾನು ಇನ್ನೊಂದು ಕಿಟಕಿ ಕಡೆ ಕೂತ್ಕೊತೀನಿ.

ಗೌರಿಬಿದನೂರು ಟ್ರ್ಯಾಕ್ಟರ್:
ಎಲ್ಲಾ ಕಾರು ಸ್ಕೂಟರ್ ಆಯ್ತು. ನಮ್ಮತ್ರ ಹಳೇ ಮ್ಯಾಸಿ ಟ್ರ್ಯಾಕ್ಟರ್ ಅಯ್ತೆ, ಅದ್ರಲ್ಲಿ ಮುಕ್ಕಾಲುಪಾಲು ಬೋಲ್ಟು ಇಂಚು. ಮಿಲಿಮೀಟರ್ ರಾಚೆಟ್ ಸೆಟ್ ತಗೊಂಡು ನಾನೇನ್ ಮಾಡ್ಲಿ? ನಮ್ ಹುಡುಗ ಅರ್ಧ ಇಂಚಿನದಕ್ಕೆ 13 ಹಾಕಿ ಎಳ್ದು ತಲೆ ಗುಂಡಗೆ ಮಾಡವ್ನೆ.

ಡಿಗ್ರಿ ಲೆಕ್ಕ:
ಅರ್ಧ ಇಂಚು ಅಂದ್ರೆ 12.7, 13 ಕೂರುತ್ತೆ ಆದ್ರೆ ಆಡುತ್ತೆ, ಗಟ್ಟಿ ಬೋಲ್ಟಾದ್ರೆ ಮೂಲೆ ಹೋಗೋದು ಗ್ಯಾರಂಟಿ. 9/16 ಅಂದ್ರೆ 14.3, ಅದಕ್ಕೆ 14 ಹೋಗಲ್ಲ 15 ಲೊಡಲೊಡ. 5/8 ಅಂದ್ರೆ 15.9, 16 ನಡೆಯುತ್ತೆ. 3/4 ಅಂದ್ರೆ 19.05, 19 ಸರಿಯಾಗಿ ಕೂರುತ್ತೆ. ರಾಚೆಟ್ ರಿಂಗಲ್ಲಿ ಬಹುಪಾಲು 12 ಮೂಲೆ ಇರುತ್ತೆ, ಅದು ಬೋಲ್ಟಿನ ಮೂಲೆ ತುದೀಲೇ ಹಿಡಿಯೋದು, ಅದಕ್ಕೆ ಲೂಸ್ ಇದ್ರೆ ಬೇಗ ಗುಂಡಗಾಗುತ್ತೆ. ಇಂಚಿನದಕ್ಕೆ ಆರು ಮೂಲೆ ಸಾಕೆಟ್ ತಗೊಳ್ಳಿ.

ಕೋಲಾರ ಪಿಕಪ್:
ಲೆಕ್ಕದ ಮೇಷ್ಟ್ರೇ ನಿಮ್ಮದೇನು ಗಾಡಿ?

ಡಿಗ್ರಿ ಲೆಕ್ಕ:
ಗಾಡಿ ಇಲ್ಲ ಅಣ್ಣ. ಬಸ್ಸು.

ಕುಣಿಗಲ್ ಏಸ್:
ನಂದು ಟಾಟಾ ಏಸ್. ಕಟ್ಟೆ ಪಟ್ಟಿ (ಲೀಫ್ ಸ್ಪ್ರಿಂಗ್) ಯು ಬೋಲ್ಟು ನೋಡಿದೀರಲ್ಲ, ನಟ್ ಮೇಲೆ ಉದ್ದಕ್ಕೆ ಥ್ರೆಡ್ ಹೊರಗೆ ಬಂದಿರ್ತದೆ, ಮಾಮೂಲಿ ಸಾಕೆಟ್ ಹಾಕಿದ್ರೆ ತಳಕ್ಕೆ ತಾಗಿ ನಟ್ ತನಕ ಹೋಗಲ್ಲ. ರಾಚೆಟ್ ರಿಂಗ್ ಆ ಕಡೆ ಈ ಕಡೆ ತೂತು, ಥ್ರೆಡ್ ಎಷ್ಟು ಉದ್ದ ಇದ್ರೂ ತೂರ್ಕೊಂಡು ಹೋಗ್ತದೆ. ಜೋರಿಂದು ರಿಂಗಲ್ಲಿ ಬಿಟ್ಟುಕೊಂಡ್ರೆ ಉಳಿದಿದ್ದು ಆರಾಮ. ಬ್ರೇಕ್ ಪೈಪ್ ನಟ್ಟಿಗೂ ಇದೇ ಹಾಕ್ಬೋದು ಅಂದ್ಕೊಂಡಿದೀನಿ.

ಕ್ಯಾತ್ಸಂದ್ರ ಗ್ಯಾರೇಜ್:
ಬ್ರೇಕ್ ಪೈಪಿಗೆ ಹೆಂಗೆ ಹಾಕ್ತೀಯಪ್ಪ, ನಟ್ ಒಳಗಿಂದ ಪೈಪೇ ಹೋಗ್ತದಲ್ಲ, ರಿಂಗ್ ಹೆಂಗೆ ತೂರ್ಸ್ತೀಯ. ಅದಕ್ಕೆ ಬಾಯಿ ಸೀಳಿರೋ ರಿಂಗ್ ಬೇರೆ ಬರ್ತದೆ, ಅದನ್ನೇ ಹಾಕು. ಡಬಲ್ ಎಂಡ್ ಹಾಕಿ ಎಳೆದ್ರೆ ಮೆತ್ತಗಿರೋ ನಟ್ ತಲೆ ಹೋಗಿ ಪೈಪ್ ಸಮೇತ ಬದಲಾಯಿಸ್ಬೇಕಾಗ್ತದೆ.

ಅಂದಂಗೆ ಹುಡುಗ, ಸ್ಟಾರ್ಟರ್ ಬಿಚ್ಚುವಾಗ ಬ್ಯಾಟರಿ ಮೈನಸ್ ತೆಗ್ದಿದ್ದೆ ತಾನೆ? ಅಲ್ಲಿ ದಪ್ಪ ವೈರು ಫ್ಯೂಸ್ ಇಲ್ದೆ ನೇರ ಬ್ಯಾಟರಿಯಿಂದ ಬಂದಿರ್ತದೆ. ನಮ್ಮ ಹುಡುಗನೊಬ್ಬ ಮರೆತು ಸ್ಪ್ಯಾನರ್ ಹಾಕ್ದ, ಇನ್ನೊಂದು ತುದಿ ಬ್ಲಾಕಿಗೆ ತಾಗ್ತು, ಬೆಂಕಿ ಕಿಡಿ ಹಾರಿ ಸ್ಪ್ಯಾನರ್ ತುದಿ ಕರಗೋಯ್ತು. ಆ ಸ್ಪ್ಯಾನರ್ ಇನ್ನೂ ಗೋಡೆಗೆ ನೇತಾಕಿದೀನಿ, ಹೊಸಬರು ಬಂದ್ರೆ ಮೊದ್ಲು ಅದನ್ನೇ ತೋರ್ಸೋದು.

ಗುಬ್ಬಿಗೇಟ್ ಹುಡುಗ:
ತೆಗೆದಿದ್ದೆ ಅಣ್ಣ, ಅದೊಂದು ಗೊತ್ತಿತ್ತು.

ಹಿರೇಹಳ್ಳಿ ಟರ್ನರ್:
12 ಪೀಸ್ ಯಾಕೆ ಅಂತ ಯಾರೂ ಕೇಳ್ಲಿಲ್ಲ. ಮಾರುತಿ ಅಂಥ ಜಪಾನಿ ಮೂಲದ ಗಾಡೀಲಿ ಹೆಚ್ಚಾಗಿ 10, 12, 14, ಆಮೇಲೆ 17, 19. ಟಾಟಾ, ಮಹೀಂದ್ರಾ ಆದ್ರೆ 13 ಬೇಕಾಗುತ್ತೆ. 9, 11, 15, 16, 18 ಬಾಕ್ಸಲ್ಲೇ ಕೂತ್ಕೊಂಡು ಮುದಿಯಾಗ್ತವೆ. 17, 19 ಅಂದ್ರೆ ಜೋರಿನ ಬೋಲ್ಟು, ಅಲ್ಲಿ ರಾಚೆಟ್ ಬೇಡವೇ ಬೇಡ. ಮೂರು ಬಿಡಿ ತಗೋ, ಉಳಿದ ದುಡ್ಡಲ್ಲಿ ಒಂದು ಟಾರ್ಕ್ ರೆಂಚ್ ಬರುತ್ತೆ.

ಚಿಂತಾಮಣಿ ಸ್ಕೂಟರ್ ಅಕ್ಕ:
ಅಪ್ಪನ ಸ್ಪ್ಲೆಂಡರಿಗೆ ರಾಚೆಟ್ ಬೇಡ, ಟಿ ಸ್ಪ್ಯಾನರ್ 8, 10, 12 ಇದ್ರೆ ಸಾಕು. ಅಂಗೈಲಿ ತಿರುಗಿಸಿದ್ರೆ ಬುಗುರಿ ತರ ಸುತ್ತುತ್ತೆ, ರಾಚೆಟ್‌ಗಿಂತ ಸ್ಪೀಡು.

ಕೋಲಾರ ಪಿಕಪ್:
ಅಕ್ಕ ಒಬ್ಬರು ನನ್ ಕಡೆ ಬಂದ್ರು

ಗುಬ್ಬಿಗೇಟ್ ಹುಡುಗ:
ಭಾನುವಾರದ ವರದಿ. ಮಂಡಿಪೇಟೆಗೆ ಹೋಗಿ 10, 12, 14 ಮೂರು ಬಿಡಿ ತಂದೆ, ಗುಂಡಿ ಇರೋದೇ, ಹೆಬ್ಬೆರಳು ಹಾಕಿ ತಿರುಗ್ಸಿ ನೋಡೇ ತಂದೆ, ಅಂಗಡಿಯವರು ಇವನ್ಯಾರಪ್ಪ ಅನ್ನೋ ಹಂಗೆ ನೋಡಿದ್ರು. ಬ್ಯಾಟರಿ ಕ್ಲಾಂಪು, ಟ್ರೇ, ಏರ್ ಫಿಲ್ಟರ್ ಬಾಕ್ಸ್ ಎಲ್ಲಾ 10ರಲ್ಲಿ ಪಟಪಟ ಬಂದ್ವು, ಖುಷಿ ಆಯ್ತು. ಮೋಟರ್ ಕೂರಿಸಿ ಮೇಲಿನ ಬೋಲ್ಟ್ ಹಾಕಿದೆ. ಆಮೇಲೆ ಕೆಳಗಿನ ಬೋಲ್ಟಿಗೆ, ಯಾವುದಕ್ಕೋಸ್ಕರ ಇದೆಲ್ಲ ಶುರುವಾಯ್ತೋ ಅದೇ ಬೋಲ್ಟಿಗೆ, 14ರ ರಾಚೆಟ್ ತಗೊಂಡು ಹೋದ್ರೆ ತಲೆ ಒಳಗೇ ಹೋಗ್ಲಿಲ್ಲ. ಪಕ್ಕದ ಬ್ರಾಕೆಟ್ಟಿಗೆ ತಾಗುತ್ತೆ, ಒಂದು ನೂಲಿನಷ್ಟು ಸಾಲಲ್ಲ. ಈಗ ಬೋಲ್ಟು ಕೈಯಲ್ಲಿ ಮೂರು ಸುತ್ತು ಹಾಕಿ ಹಂಗೇ ಬಿಟ್ಟಿದೀನಿ, ಗಾಡಿ ತೆಗೆದಿಲ್ಲ.

ಬಟವಾಡಿ ಬೋಲ್ಟ್:
😂😂 ಸಾರಿ ಗುರು

ಕೋಲಾರ ಪಿಕಪ್:
ನಾನೇನೂ ಮಾತಾಡಲ್ಲ

ಕ್ಯಾತ್ಸಂದ್ರ ಗ್ಯಾರೇಜ್:
ಬೆರಳು ಹಾಕಿ ನೋಡು ಅಂದಿದ್ನಲ್ಲಪ್ಪ, ನೀನು ಹೆಬ್ಬೆರಳು ಹಾಕಿ ನೋಡ್ಕೊಂಡ್ ಬಂದೆ. ಹೋಗ್ಲಿ ಬಿಡು, ಆ 14 ಮುಂದೆ ಇನ್ನೆಲ್ಲಾದ್ರೂ ಬೇಕಾಗ್ತದೆ. ಇಂಥ ಬೋಲ್ಟಿಗೆ ಅಂತಲೇ ನನ್ನತ್ರ ಹಳೇ 14ರ ರಿಂಗ್ ಒಂದು ಗ್ಯಾಸಲ್ಲಿ ಕಾಯ್ಸಿ ಅರ್ಧಚಂದ್ರ ಬಗ್ಸಿರೋದು ಐತೆ, ರಿಂಗಿನ ಹೊರಗಡೆಯೂ ಗ್ರೈಂಡರಲ್ಲಿ ತೆಳ್ಳಗೆ ಮಾಡಿದೀನಿ. ನೋಡೋಕೆ ಅಸಹ್ಯ, ಆದ್ರೆ ಎಲ್ಲಿಗೆ ಬೇಕಾದ್ರೂ ತೂರ್ತದೆ. ಬಂದು ತಗೊಂಡ್ ಹೋಗು. ಸಂಜೆಯೊಳಗೆ ವಾಪಸ್ ತಂದ್ಕೊಡ್ಬೇಕು, ಹೋದ್ಸಲ ಒಬ್ಬ ತಗೊಂಡೋಗಿ ಆರು ತಿಂಗಳು ಇಟ್ಕೊಂಡಿದ್ದ.

ಗುಬ್ಬಿಗೇಟ್ ಹುಡುಗ:
ದೊಡ್ಡ ಉಪಕಾರ ಅಣ್ಣ. ನಾಳೆ ಬೆಳಗ್ಗೆ ಎಂಟಕ್ಕೆಲ್ಲ ಬಂದ್ರೆ ಆಗುತ್ತಾ?

ಕ್ಯಾತ್ಸಂದ್ರ ಗ್ಯಾರೇಜ್:
ನಾಳೆ ಅಮಾವಾಸ್ಯೆ, ಗ್ಯಾರೇಜ್ ಪೂಜೆ ಐತೆ. ಕುಂಬಳಕಾಯಿ ಒಡೆದ್ಮೇಲೆ ಹತ್ತು ಗಂಟೆಗೆ ಬಾ. ಬರ್ತಾ ಆ ರಾಚೆಟ್ಟೂ ತಾ, ಯಾವ್ದು ತಗೊಂಡಿದ್ಯೋ ನೋಡಣ.